ಭಾವನ ‘ಕೂಗು’ ಮತ್ತು ಎಲೆಅಡಿಕೆ ತಟ್ಟೆ

ಸ್ವಂತ ಮನೆ ಇರುವವರು ಎಲ್ಲ ಊರಲ್ಲೂ ಇದ್ದಾರೆ. ಸ್ವಂತ ಜೀಪು ಇರುವವರು ನಮ್ಮ ಕೊಡಗಿನಲ್ಲಿ ಮೂಲೆಗೊಬ್ಬರು ಸಿಗುತ್ತಾರೆ. ಆದರೆ ಸ್ವಂತ ಸೋಶಿಯಲ್ ಮೀಡಿಯಾ ಇರುವವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡುವುದೇನು, ದಿನಾ ಅವರ ಮನೆಯಲ್ಲೇ ಕಾಫಿ ಕುಡಿಯುತ್ತೇನೆ! ಅವರು ನನ್ನ ಅಕ್ಕನ ಗಂಡ, ಅಂದರೆ ನನ್ನ ಭಾವ. ಪ್ರಪಂಚದ ದೊಡ್ಡ ದೊಡ್ಡ ಜಾಲತಾಣಗಳ ಮಾಲೀಕರು ಕೋಟು ಹಾಕಿಕೊಂಡು ಗಾಜಿನ ಕಟ್ಟಡದಲ್ಲಿ ಕೂತಿರುತ್ತಾರಂತೆ. ನಮ್ಮ ಭಾವ ಲುಂಗಿ ಎತ್ತಿ ಕಟ್ಟಿ, ಕೈಗೆಲ್ಲ ವಾರ್ನಿಷ್ ಮೆತ್ತಿಕೊಂಡು, ಹಾರಂಗಿ ನಾಲೆ ಪಕ್ಕದ ಶೆಡ್ಡಿನಲ್ಲಿ ಕೂತಿರುತ್ತಾರೆ. ವ್ಯತ್ಯಾಸ ಅಷ್ಟೇ.

ಭಾವನ ಕಸುಬು ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಂತಿ ಸುತ್ತುವುದು. ಯಾವ ಸಾಮಾನನ್ನೇ ಕೊಡಿ, ಬಿಚ್ಚದೆ ಇರಲಾರರು. ಮದುವೆಯಲ್ಲಿ ಉಡುಗೊರೆ ಬಂದ ಗಡಿಯಾರವನ್ನು ಆವತ್ತೇ ಬಿಚ್ಚಿದವರು. ಅಂಥವರಿಗೆ ಫೋನಿನಲ್ಲಿ ಯಾರೋ ಒಂದು ವಿಡಿಯೋ ತೋರಿಸಿದರು. ಯಾರೋ ಪುಣ್ಯಾತ್ಮರು ಪುಟ್ಟ ಪುಟ್ಟ ಮಾತು ಬರೆದು ಹಾಕುವ ಜಾಲತಾಣದ ಸಾಫ್ಟ್‌ವೇರ್ ಮಾಡಿ, ಯಾರು ಬೇಕಾದರೂ ಬಿಚ್ಚಿ ಜೋಡಿಸಿಕೊಳ್ಳಿ ಎಂದು ಪುಕ್ಕಟೆ ಬಿಟ್ಟಿದ್ದಾರಂತೆ. ಬಿಚ್ಚಬಹುದು ಅನ್ನುವ ಒಂದು ಮಾತೇ ಸಾಕಾಯಿತು. ಎರಡು ಮಳೆಗಾಲ ಭಾವ ಆ ವಿಡಿಯೋಗಳ ಮುಂದೆ ಕೂತರು. ಮೂರನೇ ಮಳೆಗಾಲಕ್ಕೆ, ಪರದೆ ಬಿರುಕುಬಿಟ್ಟ, ಬ್ಯಾಟರಿ ಸತ್ತ ಒಂದು ಹಳೇ ಲ್ಯಾಪ್‌ಟಾಪು ಶೆಡ್ಡಿನ ಕಬ್ಬಿಣದ ಸ್ಟೂಲಿನ ಮೇಲೆ ಬಂದು ಕೂತಿತು. ಅದಕ್ಕೆ ಗಾಳಿ ಬೀಸಲು ಒಂದು ಟೇಬಲ್ ಫ್ಯಾನು.

“ಮನುಷ್ಯರಿಗೆ ಫ್ಯಾನಿಲ್ಲ, ಈ ಡಬ್ಬಕ್ಕೆ ಫ್ಯಾನು!” ಎಂದಳು ಅಕ್ಕ.

“ಡಬ್ಬ ಅನ್ಬೇಡ ಕಣೇ, ಅದು ಸರ್ವರ್ರು.”

“ಸರ್ವರ್ ಆದ್ರೆ ಒಂದು ಲೋಟ ನೀರು ತಂದ್ಕೊಡಕ್ಕೆ ಹೇಳಿ ನೋಡೋಣ!”

ನನ್ನ ವಿಷಯವನ್ನೂ ಸ್ವಲ್ಪ ಹೇಳಿಬಿಡುತ್ತೇನೆ. ನಾನು ಪಂಚಾಯಿತಿಯಲ್ಲಿ ವಾಟರ್‌ಮ್ಯಾನು, ವಾಲ್ವು ತಿರುಗಿಸಿ ಊರಿಗೆ ನೀರು ಬಿಡುವವನು. ಚಿಕ್ಕವನಿದ್ದಾಗ ಶಾಲೆಯ ಬದಲು ಎಸ್ಟೇಟಿಗೆ ಹೋದೆ. ಕಾಫಿ ಪಿಕ್ಕಿಂಗ್ ಮುಗಿಸಿ, ಕೂಲಿ ಲೆಕ್ಕ ಬರೆಯುವ ರೈಟರ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿ ಬೆಳೆದವನು. ಅಕ್ಷರ ಕಲಿತದ್ದು ಮೀಸೆ ಬಂದ ಮೇಲೆ. ಹತ್ತನೇ ಕ್ಲಾಸಿನ ಪರೀಕ್ಷೆಗೆ ಕೂತದ್ದು ಮೂವತ್ತಾರನೇ ವಯಸ್ಸಿನಲ್ಲಿ. ಭಾವನೇ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿ, ಮುಗಿಯುವ ತನಕ ಶಾಲೆಯ ಹೊರಗೆ ಮರದ ಕೆಳಗೆ ಕಾಯುತ್ತಿದ್ದರು. ನಾನು ಯಾವುದರಲ್ಲಿ ಫೇಲಾದೆ ಹೇಳಿ? ಗಣಿತ ಅಲ್ಲ, ಇಂಗ್ಲಿಷೂ ಅಲ್ಲ. ಕನ್ನಡ! ಉತ್ತರ ಎಲ್ಲ ಗೊತ್ತಿತ್ತು. ಕೈ ಓಡಲಿಲ್ಲ. ಒಂದು ವಾಕ್ಯದ ನಡುವೆ ಇದ್ದೆ, ಗಂಟೆ ಹೊಡೆಯಿತು, ಪೇಪರು ಕಿತ್ತುಕೊಂಡರು. ಹೊರಗೆ ಬಂದಾಗ ಭಾವ ಕೇಳಿದ್ದು ಒಂದೇ ಮಾತು: “ಬರ್ದು ಮುಗಿಸ್ದೇನ್ಲಾ?” ನಾನು ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಅವರು ಸ್ಕೂಟರಿನ ಕಿಕ್ಕರ್ ಒದ್ದರು. ಮುಂದಿನ ವರ್ಷ ಹೇಗೋ ಪಾಸಾದೆ ಅನ್ನಿ. ಇವತ್ತಿಗೂ ನಾನು ಫೋನಿನಲ್ಲಿ ಒಂದು ಸಾಲು ಬರೆಯುವಷ್ಟರಲ್ಲಿ ಅಕ್ಕ ಒಂದು ಪಾತ್ರೆ ಅನ್ನ ಬಸಿಯುತ್ತಾಳೆ.

ಇರಲಿ, ಜಾಲತಾಣಕ್ಕೆ ಬರೋಣ. ಮೊದಲ ಪ್ರಶ್ನೆ, ಒಂದು ಸಲಕ್ಕೆ ಎಷ್ಟು ಅಕ್ಷರ ಬರೆಯಲು ಬಿಡಬೇಕು? ಬೇರೆಯವರಾದರೆ ಏನೋ ಒಂದು ಸಂಖ್ಯೆ ಹಾಕಿ ಮುಂದೆ ಹೋಗುತ್ತಿದ್ದರು. ಭಾವ ನನ್ನನ್ನು ನಾಲೆಯ ಆಚೆ ದಡಕ್ಕೆ ಕಳಿಸಿದರು. “ನಾನಿಲ್ಲಿಂದ ಒಂದೇ ಉಸಿರಿಗೆ ಕೂಗ್ತೀನಿ. ಎಷ್ಟು ಕೇಳುತ್ತೋ ಎಣ್ಸು. ಒಂದುಸಿರಲ್ಲಿ ಹೇಳಕ್ಕಾಗದೆ ಇರೋದು ಜನಕ್ಕೆ ಬೇಕಾಗೂ ಇರಲ್ಲ.” ನಾನು ಬೆರಳು ಮಡಿಸುತ್ತಾ ನಿಂತೆ. ಭಾವ ಎದೆ ಉಬ್ಬಿಸಿ, ಕತ್ತಿನ ನರ ಬಿಗಿದು, ತಮ್ಮ ಬದುಕಿನ ಪೂರ್ತಿ ಕಥೆಯನ್ನು ಕೂಗಿದರು. ಜೋಳದ ಹೊಲದಲ್ಲಿ ನೀರು ಕಟ್ಟುತ್ತಿದ್ದವರು ಗುದ್ದಲಿ ಬಿಸಾಕಿ ಓಡಿ ಬಂದು, “ಯಾರು ಬಿದ್ರು? ನಾಲೆಗೆ ಯಾರು ಬಿದ್ರು?” ಎಂದು ಕೇಳಿದರು. ಯಾರೂ ಬಿದ್ದಿರಲಿಲ್ಲ. ತೊಂಬತ್ತೆರಡು ಅಕ್ಷರ ಎಂದು ತೀರ್ಮಾನವಾಗಿತ್ತು. ಜಾಲತಾಣಕ್ಕೆ ‘ಕೂಗು’ ಎಂದೇ ಹೆಸರಾಯಿತು.

ಆದರೆ ಆ ಸಾಫ್ಟ್‌ವೇರಿಗೆ ಕನ್ನಡ ಎಣಿಸಲು ಬರುತ್ತಿರಲಿಲ್ಲ. ಕೊಂಬು, ದೀರ್ಘ, ಒತ್ತು ಎಲ್ಲವನ್ನೂ ಬೇರೆ ಬೇರೆ ಲೆಕ್ಕ ಹಿಡಿಯುತ್ತಿತ್ತು. ‘ಸ್ತ್ರೀ’ ಎಂದು ಬರೆದರೆ ಆರು ಅಕ್ಷರ ಖರ್ಚು! ಭಾವನಿಗೆ ಸಿಟ್ಟು ಬಂತು. “ನಮ್ಮೋರಿಗೆ ಮಾತ್ರ ಆರು ಪಟ್ಟು ಬಾಡಿಗೆಯಾ?” ಎಂದು ಮೂರು ವಾರ ಅದನ್ನು ಬಿಚ್ಚಿ ಜೋಡಿಸಿ, ಕೊನೆಗೂ ಅದಕ್ಕೆ ಕನ್ನಡ ಎಣಿಸುವುದನ್ನು ಕಲಿಸಿದರು. ನನಗೆ ಕಲಿಸಿದ ಮೇಷ್ಟ್ರಿಗೆ ಇದಕ್ಕಿಂತ ಹೆಚ್ಚು ದಿನ ಹಿಡಿದಿತ್ತು.

ಆಮೇಲೆ ಹೃದಯದ ಗುಂಡಿ. ಒಬ್ಬರು ಬರೆದದ್ದು ಇಷ್ಟವಾದರೆ ಇನ್ನೊಬ್ಬರು ಕೆಂಪು ಹೃದಯ ಒತ್ತುವುದು ಪದ್ಧತಿಯಂತೆ. ಅಕ್ಕ ನೋಡಿ ಹೌಹಾರಿದಳು. “ಕಂಡೋರ ಮನೆ ಹೆಂಗಸ್ರಿಗೆಲ್ಲ ನೀವು ಹೃದಯ ಒತ್ತೋದಾ? ಈ ವಯಸ್ಸಲ್ಲಿ?” ಮಾರನೇ ದಿನವೇ ಹೃದಯ ಹೋಗಿ ಅಲ್ಲಿ ‘ಹ್ಞೂಂ’ ಎಂಬ ಗುಂಡಿ ಬಂತು. ನಮ್ಮ ಕಡೆ ಗಂಡಸರು ಪ್ರೀತಿಗೂ ಹ್ಞೂಂ ಅನ್ನುತ್ತಾರೆ, ಸಾವಿನ ಸುದ್ದಿಗೂ ಹ್ಞೂಂ ಅನ್ನುತ್ತಾರೆ. ಒಂದೇ ಗುಂಡಿಯಲ್ಲಿ ಎಲ್ಲ ಮುಗಿಯಿತು.

ಸರಿ, ಅಂಗಡಿ ತೆರೆದಾಯಿತು. ಗಿರಾಕಿ? ಭಾವ ಅದಕ್ಕೂ ಉಪಾಯ ಮಾಡಿದರು. ನಾಪೋಕ್ಲಿನಿಂದ ಒಬ್ಬ ಗದ್ದೆ ಯಜಮಾನರು ರಿಪೇರಿಯಾದ ಮೋಟರು ಒಯ್ಯಲು ಬಂದಿದ್ದರು.

“ಮೋಟರ್ ರೆಡಿ ಇದೆ. ಮೊದ್ಲು ‘ಕೂಗು’ ಸೇರಿ.”

“ಎಂತ ಮಾರಾಯ್ರೆ! ಅಲ್ಲಿ ಸಸಿಮಡಿ ಒಣಗ್ತಾ ಉಂಟು!”

“ಎರಡೇ ನಿಮಿಷ. ಒಂದು ಪಾಸ್‌ವರ್ಡ್ ಯೋಚ್ನೆ ಮಾಡಿ.”

ಯಜಮಾನರು ತಲೆ ಚಚ್ಚಿಕೊಂಡು ಸೇರಿದರು. ಮಿಕ್ಸಿ ರಿಪೇರಿಗೆ ಬಂದಿದ್ದ ಸಂಪಾಜೆಯ ಕಮಲಕ್ಕ ಸೇರಿದರು. ಔಷಧಿ ಅಂಗಡಿಯವರು ಸೇರಿದರು. ಮೋಟರು ಸಾಗಿಸುತ್ತಿದ್ದ ಆಟೋ ರಜಾಕ್ ಸೇರಿದ. ಹೀಗೆ ಮೂವತ್ತೊಂದು ಜನ. ಆ ಸಂಖ್ಯೆಯನ್ನು ಭಾವ ಶೆಡ್ಡಿನ ಬಾಗಿಲಲ್ಲಿ ಒಂದು ಸ್ಲೇಟಿನ ಮೇಲೆ ಬರೆದು ನೇತುಹಾಕಿದರು. ದಿನಾ ಬೆಳಿಗ್ಗೆ ದೇವರ ಪಟಕ್ಕಿಂತ ಮೊದಲು ಆ ಸ್ಲೇಟು ಒರೆಸುತ್ತಿದ್ದರು. ಮಕ್ಕಳಿಲ್ಲದ ಮನುಷ್ಯ. ಆ ಮೂವತ್ತೊಂದನ್ನು ನೋಡುವಾಗ ಅವರ ಮುಖ ಬೇರೆಯೇ ಇರುತ್ತಿತ್ತು.

ಒಂದೇ ತೊಂದರೆ ಎಂದರೆ, ಶೆಡ್ಡಿಗೂ ಅಡುಗೆಮನೆಗೂ ಕರೆಂಟಿನ ಲೈನು ಒಂದೇ. ಅಕ್ಕ ಮಿಕ್ಸಿ ಹಾಕಿದರೆ ಸರ್ವರು ಕಣ್ಣು ಮುಚ್ಚುತ್ತಿತ್ತು. ಬೆಳಿಗ್ಗೆ ಎಂಟು ಗಂಟೆಗೆ ‘ಕೂಗು’ ನಿಂತಿತೆಂದರೆ ಸಂಪಾಜೆಯಲ್ಲಿ ಕೂತ ಕಮಲಕ್ಕನಿಗೂ ಗೊತ್ತಾಗುತ್ತಿತ್ತು, ಇಲ್ಲಿ ಇವತ್ತು ಚಟ್ನಿ ಎಂದು. ಊರವರೆಲ್ಲರ ಮಿಕ್ಸಿ ಮೋಟರು ಸುತ್ತಿಕೊಡುವವರು ತಮ್ಮ ಮನೆಯ ಲೈನು ಸರಿ ಮಾಡಿದ್ದಾರಾ? ಕೇಳಬೇಡಿ.

ಇಷ್ಟರಲ್ಲಿ ಜಗಳ ಶುರುವಾಯಿತು. ಔಷಧಿ ಅಂಗಡಿ ಮುಂದೆ ಆಟೋ ನಿಲ್ಲಿಸುವ ವಿಷಯಕ್ಕೆ ರಜಾಕನಿಗೂ ಅಂಗಡಿಯವರಿಗೂ ಮಾತು ಬೆಳೆದು, ಮೂವತ್ತೊಂದೂ ಜನ ಒಟ್ಟಿಗೆ ಕೂಗತೊಡಗಿದರು. ಯಾರ ಮಾತಿಗೆ ಯಾರ ಉತ್ತರ ಎಂದು ತಿಳಿಯದು. ಕಮಲಕ್ಕ ಪಾಪ, “ಇಲ್ಲಿ ಮಳೆ, ಅಲ್ಲಿ?” ಎಂದು ಕೇಳಿದ್ದಕ್ಕೆ “ಆರ್‌ಟಿಓಗೆ ಹೇಳ್ತೀನಿ” ಎಂಬ ಉತ್ತರ ಸಿಕ್ಕಿತು!

ಭಾವ ಒಂದು ವಾರ ಸರ್ವರಿನ ಮುಂದೆ ಕೂತರು. ಆಮೇಲೆ ‘ಕೂಗು’ ತೆರೆದರೆ ಮೇಲೆ ಒಂದು ತಟ್ಟೆಯ ಚಿತ್ರ, ಅದರಲ್ಲಿ ಎಲೆ, ಅಡಿಕೆ. ಭಾವನ ತಾತ ಹಾಸನದ ಕಡೆಯಿಂದ ಇಲ್ಲಿಗೆ ಬಂದವರು, ಊರಿನ ನ್ಯಾಯ ಹೇಳುತ್ತಿದ್ದವರು. ಅವರ ಪಂಚಾಯ್ತಿಯಲ್ಲಿ ಎಲೆಅಡಿಕೆ ತಟ್ಟೆ ಯಾರ ಮುಂದಿದೆಯೋ ಅವರೊಬ್ಬರೇ ಮಾತಾಡಬೇಕಿತ್ತಂತೆ. ಅವರು ಮುಗಿಸಿ ತಟ್ಟೆ ಸರಿಸುವ ತನಕ ಉಳಿದವರು ಬಾಯಿ ತೆರೆಯುವಂತಿಲ್ಲ. ‘ಕೂಗಿ’ನಲ್ಲೂ ಇನ್ನು ಮೇಲೆ ಹಾಗೆಯೇ. ಯಾರು ಬರೆಯಲು ಶುರು ಮಾಡುತ್ತಾರೋ ಅವರಿಗೆ ತಟ್ಟೆ. ಅವರು ಕಳಿಸುವ ತನಕ ಉಳಿದವರ ಅಕ್ಷರ ಮೂಡುವುದಿಲ್ಲ.

ಜಗಳ ನಿಂತಿತು. ನಾಲ್ಕು ದಿನ ಎಲ್ಲರೂ ಭಾವನನ್ನು ಹೊಗಳಿದರು. ಐದನೇ ದಿನ ತಟ್ಟೆ ನನ್ನ ಕೈಗೆ ಬಂತು.

ನಾನು ‘ಮೋಡ’ದ ಓತ್ವ ಹುಡುಕುತ್ತಿದ್ದೆ. ಶೆಡ್ಡಿನ ಹೊರಗೆ ರಜಾಕನ ಆಟೋ ನಿಂತ ಸದ್ದಾಯಿತು. “ಅಣ್ಣ, ಕುಶಾಲನಗರದಿಂದ ಹಾರಂಗಿಗೆ ಬಾಡಿಗೆ ಹೋಗಿ ವಾಪಸ್ ಬಂದೆ. ತಟ್ಟೆ ಇನ್ನೂ ನಿಮ್ಮತ್ರಾನೇ ಇದ್ಯಲ್ಲಾ! ಎಲೆ ಒಣಗೋಯ್ತು!” ಕೊನೆಗೆ ನಾನು ಕಳಿಸಿದ್ದು, “ಇವತ್ತು ಬೆಳಿಗ್ಗೆಯಿಂದ ಮೋಡ ಇದೆ” ಎಂದು. ಅಷ್ಟರಲ್ಲಿ ಚುರುಕು ಬಿಸಿಲು ಬಂದು ಅಕ್ಕ ಹಪ್ಪಳ ಹರಡಿದ್ದಳು.

ನನಗೆ ಮಾತ್ರ ಅದರ ರುಚಿ ಹತ್ತಿತು. ಊರಿನ ಬೇರೆ ಗ್ರೂಪುಗಳಲ್ಲಿ ನಾನು ಬರೆದು ಮುಗಿಸುವಷ್ಟರಲ್ಲಿ ಮಾತು ಎಲ್ಲಿಗೋ ಹೋಗಿರುತ್ತಿತ್ತು. ಸತ್ತವರಿಗೆ ನಾನು ಬರೆದ ಸಂತಾಪ ಯಾರದೋ ಹುಟ್ಟುಹಬ್ಬದ ಕೆಳಗೆ ಹೋಗಿ ಕೂತದ್ದೂ ಇದೆ. ಇಲ್ಲಿ ಹಾಗಲ್ಲ. ನಾನು ಮುಗಿಸುವ ತನಕ ಪ್ರಪಂಚ ನಿಂತಿರುತ್ತದೆ! ದಿನಾ ಒಂದು ಕೂಗು ಹಾಕತೊಡಗಿದೆ. ನೀರು ಬಿಡುವ ಹೊತ್ತು, ಒಡೆದ ಪೈಪು, ನಾಲೆಯಲ್ಲಿ ಕಂಡ ನೀರುನಾಯಿ.

ಸ್ಲೇಟಿನ ಮೇಲಿನ ಸಂಖ್ಯೆ ಇಳಿಯತೊಡಗಿತು. ಮೂವತ್ತು. ಇಪ್ಪತ್ತೆಂಟು. ಇಪ್ಪತ್ತೈದು. ಔಷಧಿ ಅಂಗಡಿಯವರು ನಾಲ್ಕು ಜನರನ್ನು ಕರೆದುಕೊಂಡು ಶೆಡ್ಡಿಗೆ ಬಂದರು.

“ತಟ್ಟೆಗೆ ಒಂದು ಟೈಮ್ ಇಡಿ. ಎರಡು ನಿಮಿಷ ಆದ್ರೆ ತಾನಾಗೇ ಮುಂದಕ್ಕೆ ಹೋಗ್ಲಿ. ಇಲ್ಲಾಂದ್ರೆ ಭಾನುವಾರ ನಾವೆಲ್ಲ ಬಿಡ್ತೀವಿ.”

ಭಾವ ತಂತಿ ಸುತ್ತುತ್ತಲೇ ಹೇಳಿದರು: “ಟೈಮ್ ಇಡೋದು ನಂಗೆ ಬರಲ್ಲ ಸ್ವಾಮಿ. ಅದು ಭಾರಿ ಕಷ್ಟದ ಪ್ರೋಗ್ರಾಮು.”

ನಾನು ನಂಬಿದೆ. ‘ಸ್ತ್ರೀ’ಯನ್ನು ಒಂದೇ ಅಕ್ಷರ ಮಾಡಿದ ಮನುಷ್ಯನಿಗೆ ಎರಡು ನಿಮಿಷ ಎಣಿಸಲು ಬರುವುದಿಲ್ಲ ಎಂದರೆ ನಂಬಿದೆನಲ್ಲ! ನಾನು ಎಂಥ ಪೆದ್ದ ನೋಡಿ.

ಶನಿವಾರ ಭಾವ ನಾಪೋಕ್ಲಿಗೆ ಮೋಟರು ಕೂರಿಸಲು ಹೋಗಿದ್ದರು. ಅಕ್ಕ ಚಟ್ನಿ ರುಬ್ಬಿದಳು, ‘ಕೂಗು’ ಮಲಗಿತು. ಭಾವನಿಗೆ ಫೋನ್ ಮಾಡಿದರೆ, “ಸ್ಟೂಲ್ ಮೇಲಿರೋ ನನ್ನ ಹಾಳೇಲಿ ಪಾಸ್‌ವರ್ಡ್ ಇದೆ, ‘ಕೂಗು’ ನಡ್ಸೋ ಯಜಮಾನನ ಪುಟ ತೆಗ್ದು ಮೇಲಿನ ಹಸಿರು ಗುಂಡಿ ಒತ್ತು. ಬೇರೆ ಏನೂ ಮುಟ್ಬೇಡ” ಎಂದರು. ತೆಗೆದೆ. ನಿಧಾನವಾಗಿ ಓದುವವನಿಗೆ ಒಂದು ಚಾಳಿ ಇರುತ್ತದೆ, ಏನನ್ನೂ ಬಿಡದೆ ಓದುತ್ತಾನೆ. ಹಸಿರು ಗುಂಡಿ ಒತ್ತಿದ ಮೇಲೂ ಕೆಳಗೆ ಓದುತ್ತಾ ಹೋದೆ. ಅಲ್ಲೊಂದು ಸ್ವಿಚ್ಚಿತ್ತು. ‘ತಟ್ಟೆಗೆ ಟೈಮ್: ಎರಡು ನಿಮಿಷ.’ ಮಾಡಿಟ್ಟಾಗಿದೆ. ಆಫ್ ಆಗಿದೆ. ಪಕ್ಕದಲ್ಲಿ ಭಾವ ತಮಗೆ ತಾವೇ ಬರೆದುಕೊಂಡಿದ್ದರು:

‘ಆನ್ ಮಾಡಬಾರದು. ನಮ್ಮ ಹುಡುಗನಿಗೆ ಇನ್ನೊಂದು ಸಲ ಗಂಟೆ ಹೊಡೆಯೋದು ಬೇಡ.’

ನನಗೆ ಈಗ ನಲವತ್ತನಾಲ್ಕು. ಆ ಹುಡುಗ ನಾನೇ.

ಬಾಗಿಲಲ್ಲಿ ಸ್ಲೇಟು ಗಾಳಿಗೆ ಅಲ್ಲಾಡುತ್ತಿತ್ತು. ಇಪ್ಪತ್ತೈದು. ನಾಳೆ ಭಾನುವಾರ. ನಾನು ಸ್ವಿಚ್ ಆನ್ ಮಾಡಿದೆ. ಭಾವನಿಗೆ ವಿಷಯ ತಿಳಿಸಲು ಫೋನಿನಲ್ಲಿ ‘ಕೂಗು’ ತೆರೆದು ಬರೆಯತೊಡಗಿದೆ. ‘ಭಾವ’ ಎಂದು ಬರೆದು ಮುಂದಿನ ಅಕ್ಷರ ಹುಡುಕುತ್ತಿರುವಾಗ ತಟ್ಟೆ ಮಾಯವಾಯಿತು. ಪರೀಕ್ಷೆಯ ಕೋಣೆಯಲ್ಲಿ ಕೈ ಖಾಲಿಯಾಗಿತ್ತಲ್ಲ, ಅದೇ ಥರ.

ಭಾನುವಾರ ಬೆಳಿಗ್ಗೆ ಶೆಡ್ಡಿಗೆ ಹೋದೆ. ಭಾವ ಬೆಂಚಿನ ಮುಂದೆ ಬೆನ್ನು ಹಾಕಿ ಕೂತಿದ್ದರು. ಯಜಮಾನನ ಪುಟ ತೆರೆದೇ ಇತ್ತು. ಸ್ವಿಚ್ ಆಫ್ ಆಗಿರಲಿಲ್ಲ. ಅಲ್ಲಿ ಸ್ವಿಚ್ಚೇ ಇರಲಿಲ್ಲ.

“ಭಾವ, ಆ ಸ್ವಿಚ್ಚು...”

“ಲೂಸ್ ಇತ್ತು. ತೆಗ್ದಾಕ್ದೆ.”

“ಜನ ಹೋಗ್ತಾರೆ.”

“ಹೋಗ್ಲಿ. ಸ್ಲೇಟು ಒರ್ಸಕ್ಕೆ ಸುಲಭ ಆಗುತ್ತೆ.”

ಮಧ್ಯಾಹ್ನದ ಹೊತ್ತಿಗೆ ಔಷಧಿ ಅಂಗಡಿಯವರು ಹೋದರು, ಅವರ ಜೊತೆಗಿದ್ದವರೂ ಹೋದರು. ಭಾವ ಎದ್ದು ಸ್ಲೇಟಿನ ಮೇಲೆ ಇಪ್ಪತ್ತು ಎಂದು ಬರೆದು, ಏನೂ ಆಗದವರಂತೆ ಬಂದು ಕೂತರು. ರಜಾಕ್ ಆಟೋದಿಂದಲೇ ತಲೆ ಹೊರಗೆ ಹಾಕಿ ಹೇಳಿದ: “ಅಣ್ಣ, ಇವತ್ತಿಂದು ಬರೆಯಲ್ವಾ? ಶುರು ಹಚ್ಕೊಳಿ. ನಾನು ಹಾರಂಗಿ ಬಾಡಿಗೆ ಮುಗಿಸ್ಕೊಂಡು ಬರ್ತೀನಿ.”

ನಾನು ಬಾಗಿಲ ಮೆಟ್ಟಿಲ ಮೇಲೆ ಕೂತು ತಟ್ಟೆ ತೆಗೆದುಕೊಂಡೆ. ಅಡುಗೆಮನೆಯಿಂದ ಅಕ್ಕ ಕೇಳಿದಳು, “ಬರೀತಿದ್ದೀಯೇನೋ? ಹಾಗಾದ್ರೆ ಕಾಯಿ ಆಮೇಲೆ ರುಬ್ತೀನಿ.” ಒಂದೊಂದೇ ಅಕ್ಷರ ಒತ್ತಿದೆ. ಒತ್ತು ತಪ್ಪಿತು, ಅಳಿಸಿದೆ, ಮತ್ತೆ ಒತ್ತಿದೆ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಯಾರೂ ಗಂಟೆ ಹೊಡೆಯಲಿಲ್ಲ.

‘ಭಾವ, ಬರೆದು ಮುಗಿಸಿದೆ.’

ಕಳಿಸಿದೆ. ಒಳಗೆ ತಂತಿ ಸುತ್ತುವ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ, ನನ್ನ ಸಾಲಿನ ಕೆಳಗೆ ಒಂದು ‘ಹ್ಞೂಂ’ ಬಿತ್ತು.