ಥಾಯ್ಲೆಂಡಿನಲ್ಲಿ ಆನೆ ಸೇವೆ

ಯಾವ ದೇಶ ಎಂದು ಕೇಳಿದವನಿಗೆ ನವನೀತನ್ ನಿಜ ಹೇಳಿಬಿಟ್ಟ. ಅವತ್ತಿನ ಅನಾಹುತಕ್ಕೆಲ್ಲ ಅದೇ ಮೂಲ.

ಕೇಳಿದವನು ಸೆಂದಿಲ್ ಕುಮಾರ್. ಕೊಯಮತ್ತೂರಿನ ಆ ಪಂಪ್ ಕಾರ್ಖಾನೆಯಲ್ಲಿ ಯಾರ ರಜೆಯ ಅರ್ಜಿಯಾದರೂ ಅವನ ಮೇಜು ದಾಟಿಯೇ ಮುಂದೆ ಹೋಗಬೇಕು. ಇಬ್ಬರ ಮನೆಮಾತೂ ಕನ್ನಡ; ಹಾಗಾಗಿ ಕಾರ್ಖಾನೆಗೆ ತಿಳಿಯಬೇಕಾದ್ದನ್ನು ತಮಿಳಿನಲ್ಲೂ, ತಿಳಿಯಬಾರದ್ದನ್ನು ಕನ್ನಡದಲ್ಲೂ ಮಾತಾಡಿಕೊಳ್ಳುವುದು ಅವರ ರೂಢಿ.

“ಎರಡು ವಾರ ವೆಳಿನಾಡಾ? ಯಾವ ದೇಶ?”

“ಥಾಯ್ಲೆಂಡ್.”

ಸೆಂದಿಲ್ ಕುಮಾರ್ ಪೆನ್ನು ಕೆಳಗಿಟ್ಟು, “ಓಹೋ” ಎಂದ.

“ಓಹೋ ಗೀಹೋ ಏನಿಲ್ಲಪ್ಪಾ. ಅಲ್ಲಿ ವಯಸ್ಸಾದ ಆನೆಗಳನ್ನ ಸಾಕೋ ಒಂದು ಕ್ಯಾಂಪ್ ಐತೆ. ಬಾಳೆದಿಂಡು ಕೊಯ್ದು ಹಾಕ್ಬೇಕು, ಮೈ ತೊಳೀಬೇಕು, ಲದ್ದಿ ಎತ್ತಬೇಕು. ಸಂಬಳ ಇಲ್ಲ, ಬರೀ ಸೇವೆ.”

“ಆನೆ.”

“ಆನೆನೇ.”

“ಪೊಳ್ಳಾಚಿಗೆ ಹೋಗಿ ಟಾಪ್‌ಸ್ಲಿಪ್ ಬಸ್ ಹತ್ತಿದ್ರೆ ಆನೆ ಇಲ್ವಾ?”

“ಅಲ್ಲಿ ನೋಡಕ್ಕೆ ಬಿಡ್ತಾರೆ, ಮುಟ್ಟಕ್ಕೆ ಬಿಡಲ್ಲ.”

“ಥಾಯ್ಲೆಂಡಲ್ಲಿ ಮುಟ್ಟಕ್ಕೆ ಬಿಡ್ತಾರೆ” ಎಂದು ಸೆಂದಿಲ್ ಕುಮಾರ್ ತನಗೆ ತಾನೇ ನಿಧಾನವಾಗಿ ಹೇಳಿಕೊಂಡು, ಅರ್ಜಿಗೆ ಸಹಿ ಹಾಕಿ, ಒಂದು ಕಣ್ಣು ಮಿಟುಕಿಸಿದ.

ಅವನನ್ನು ಪೂರ್ತಿ ದೂರುವಂತಿಲ್ಲ. ಪಂಪಿನ ವ್ಯಾಪಾರದಲ್ಲಿ ಥಾಯ್ಲೆಂಡಿಗೆ ಅದರದೇ ಆದ ಹೆಸರಿದೆ. ಗುರಿ ಮುಟ್ಟಿ ಮಾಲು ಮಾರಿದ ಡೀಲರುಗಳನ್ನು ಕಂಪನಿಯವರು ಬ್ಯಾಂಕಾಕಿಗೆ ಕರೆದೊಯ್ಯುವುದುಂಟು. ಹೋಗಿ ಬಂದ ಡೀಲರು ಮನೆಯವರಿಗೆ ಬುದ್ಧನ ಫೋಟೋ ತೋರಿಸುತ್ತಾನೆ; ಗೆಳೆಯರಿಗೆ ಏನನ್ನೂ ತೋರಿಸದೆ ನಗುತ್ತಾನೆ. ಇಂಥ ಊರಿನಲ್ಲಿ ಮೂವತ್ತೈದು ದಾಟಿದ ಬ್ರಹ್ಮಚಾರಿಯೊಬ್ಬ ಮದುವೆ ಗೊತ್ತಾದ ಮೇಲೆ, ಒಬ್ಬನೇ, ಥಾಯ್ಲೆಂಡಿಗೆ, ಆನೆಗೋಸ್ಕರ ಹೋಗುತ್ತೇನೆ ಎಂದರೆ ನಂಬಲು ಎದುರಿಗಿರುವವನೂ ಆನೆಯೇ ಆಗಿರಬೇಕು.

ಆದರೆ ನವನೀತನ್ ಹೇಳಿದ್ದು ಅಕ್ಷರಶಃ ನಿಜ. ದಿನವಿಡೀ ಮೋಟಾರಿಗೆ ಸುತ್ತಿದ ತಾಮ್ರದ ತಂತಿಯನ್ನು ಪರೀಕ್ಷೆ ಮಾಡಿ ಮನೆಗೆ ಬಂದರೆ, ಆ ಕ್ಯಾಂಪಿನ ಮುದಿ ಆನೆಯೊಂದು ಕುಂಬಳಕಾಯಿ ತಿನ್ನುವ ವಿಡಿಯೋ ನೋಡದೆ ಅವನಿಗೆ ಊಟ ಸೇರುತ್ತಿರಲಿಲ್ಲ. ಮದುವೆ ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ. ಆಮೇಲೆ ಕುಂಬಳಕಾಯಿ ತನ್ನ ಮನೆಗೆ ತರುವುದಕ್ಕೇ ಅಪ್ಪಣೆ ಬೇಕಾದೀತು ಎಂದು ಈಗಲೇ ಹೊರಟಿದ್ದ.

ಸೆಂದಿಲ್ ಕುಮಾರನ ಅಕ್ಕನನ್ನು ಕೊಟ್ಟಿದ್ದು ಕಾಂಗೇಯಕ್ಕೆ. ನವನೀತನ್‌ಗೆ ಹೆಣ್ಣು ಗೊತ್ತಾಗಿದ್ದೂ ಕಾಂಗೇಯದಲ್ಲೇ. ಊಟದ ಡಬ್ಬಿ ಬಿಚ್ಚುವ ಮೊದಲೇ ಸೂಲೂರಿನ ಮನೆಯಿಂದ ತಾಯಿ ಸೆಲ್ಲಮ್ಮ ಫೋನು ಮಾಡಿದಳು.

“ಸಾಮಿ, ಏನು ಕೆಲಸ ಮಾಡಿದೆ ನೀನು? ಹೆಣ್ಣಿನ ಅಪ್ಪ ಫೋನ್ ಹಾಕಿದ್ರು. ಮಾಪ್ಳೆ ಥಾಯ್ಲೆಂಡಿಗೆ ಹೋಗ್ತಾರಂತೆ, ಏನು ವಿಸಯ ಅಂತ ಕೇಳ್ತಾರೆ. ಈವತ್ತೇ ಬಂದು ಹೇಳ್ಬೇಕಂತೆ.”

“ಅದೇ ಆನೆ ವಿಷಯ ಅಮ್ಮಾ. ನಿನಗೆ ಹೇಳಿದ್ನಲ್ಲ.”

“ನನಗೆ ಹೇಳಿದೆ. ನಾನು ತಾಯಿ, ನಂಬಬೇಕು, ನಂಬಿದೆ. ಅವರಿಗೇನು ಹಣೆಬರಹ?”

ಈ ಒಂದು ಸಂಬಂಧಕ್ಕಾಗಿ ಸೆಲ್ಲಮ್ಮ ವರ್ಷಗಟ್ಟಲೆ ಚಪ್ಪಲಿ ಸವೆಸಿದ್ದಳು. ಸಾಲಾಗಿ ಹೆಣ್ಣಿನ ಮನೆಯವರೆಲ್ಲ ಇಲ್ಲ ಎಂದ ಮೇಲೆ, ಕಾಂಗೇಯದ ಎಣ್ಣೆ ಮಿಲ್ಲಿನ ರಾಜಾಮಣಿ ಮಾತ್ರ ತನ್ನ ಮಗಳು ಧರಣಿಯನ್ನು ಕೊಡಲು ಒಪ್ಪಿದ್ದ. ಇದೂ ತಪ್ಪಿದರೆ ಮುಂದೆ ಹೆಣ್ಣು ಸಿಗುವುದಿಲ್ಲವೆಂಬುದು ತಾಯಿಗೆ ಗೊತ್ತಿತ್ತು, ಮಗನಿಗೂ ಗೊತ್ತಿತ್ತು. ನವನೀತನ್‌ಗೆ ಧರಣಿ ಬಹಳ ಹಿಡಿಸಿದ್ದಳು ಬೇರೆ. ಅರ್ಧ ದಿನ ರಜೆ ಹಾಕಿ ತಾಯಿಯನ್ನು ಕರೆದುಕೊಂಡು ಬಸ್ ಹತ್ತಿದ.

ರಾಜಾಮಣಿ ತೆಂಗಿನೆಣ್ಣೆಯ ಡಬ್ಬದಂತೆ ಚೌಕಾಕಾರದ, ಹೊಳೆಯುವ ಮನುಷ್ಯ. ಮಿಲ್ಲಿನ ಪಕ್ಕದ ಮನೆಯ ಜಗಲಿಯಲ್ಲೇ ಕಾಯುತ್ತಿದ್ದ. ಹೆಂಡತಿ ಸಾಂತಿ ಕಾಪಿ ತಂದಿಟ್ಟು ಬಾಗಿಲ ಮರೆಗೆ ಹೋದಳು. ಆ ಮರೆಯಲ್ಲಿ ಇನ್ನೊಂದು ಜೊತೆ ಬಳೆಯ ಸದ್ದೂ ಕೇಳಿಸಿತು.

“ಬನ್ನಿ ಮಾಪ್ಳೆ. ಏನೋ ಆನೆ ಅಂದ್ರಂತೆ.”

“ಹೌದುಂಗ ಮಾಮಾ. ನೀವೇ ನೋಡಿ” ಎಂದು ನವನೀತನ್ ಫೋನಿನಲ್ಲಿ ಕ್ಯಾಂಪಿನ ಚಿತ್ರ ತೆಗೆದು ಕೊಟ್ಟ.

ರಾಜಾಮಣಿ ಕನ್ನಡಕ ಹಾಕಿಕೊಂಡು ನೋಡಿದ. ಬೆರಳಿನಿಂದ ಚಿತ್ರ ದೊಡ್ಡದು ಮಾಡಿ ಇನ್ನೊಮ್ಮೆ ನೋಡಿದ. ಹೊಳೆಯಲ್ಲಿ ಐದಾರು ಬಿಳಿ ಹುಡುಗಿಯರು ತುಂಡು ಚಡ್ಡಿಯಲ್ಲಿ ಒದ್ದೆಯಾಗಿ ನಗುತ್ತಿದ್ದರು.

“ಆನೆ ಎಲ್ಲಿ?”

“ಹಿಂದೆ ಐತಲ್ಲ ಮಾಮಾ. ಆ ಬೂದು ಬಣ್ಣದ್ದು.”

“ಬಂಡೆ ಅಂದ್ಕೊಂಡೆ” ಎಂದ ರಾಜಾಮಣಿ, ಫೋನು ವಾಪಸು ಕೊಡದೆ.

ಬೆವರು ಒರೆಸಿಕೊಂಡು ನವನೀತನ್ ಕ್ಯಾಂಪಿನ ದಿನಚರಿಯನ್ನು ಕನ್ನಡ ಮಾಡಿ ಹೇಳತೊಡಗಿದ. ಬೆಳಿಗ್ಗೆ ಮೇವು, ಆಮೇಲೆ ಕೆಸರಿನ ಸ್ನಾನ, ಮಧ್ಯಾಹ್ನದ ಮೇಲೆ ಎಣ್ಣೆ ಹಾಕಿ ಮಸಾಜು.

“ಯಾರಿಗೆ?” ಎಂದು ಬಾಗಿಲ ಮರೆಯಿಂದ ಸಾಂತಿ ಕೇಳಿದಳು.

“ಆನೆಗೆ ಅತ್ತೇ. ಕಾಲಿಗೆ.”

ಜಗಲಿಯಲ್ಲಿ ಕರೆಂಟು ಹೋದಂತಾಯಿತು. ಮಗನ ಮಾನ ಉಳಿಸಲು ಸೆಲ್ಲಮ್ಮ, “ಅಲ್ಲಿರೋರಿಗೇ ಫೋನ್ ಹಾಕಿ ಕೇಳಿಬಿಡಿ ಅಣ್ಣಾ” ಎಂದಳು. ಕೆಲವು ಉಪಾಯಗಳು ಹೊಳೆಯದಿದ್ದರೇ ಒಳ್ಳೆಯದು. ನವನೀತನ್ ವಿಡಿಯೋ ಕರೆ ಮಾಡಿದ. ಎತ್ತಿದವಳು ಕಿವಿಗೆ ಹೂ ಸಿಕ್ಕಿಸಿಕೊಂಡ ಒಬ್ಬ ತರುಣಿ. ತೆರೆಯ ತುಂಬ ನಕ್ಕು, “ಹಲೋ ಮಿಸ್ಟರ್ ನವಾ, ವಿ ಆರ್ ಆಲ್ ವೇಟಿಂಗ್ ಫಾರ್ ಯೂ” ಎಂದಳು. ಒಳಗೆ ಬಳೆಯ ಸದ್ದು ತಟಕ್ಕನೆ ದೂರವಾಯಿತು.

ರಾಜಾಮಣಿ ಕಾಪಿ ಲೋಟ ಕೆಳಗಿಟ್ಟ. “ಪಕ್ಕದ ಬೀದೀಲಿ ಗೃಹಪ್ರವೇಶ. ಆನೆ ಕರೆಸಿದ್ದಾರೆ. ಬನ್ನಿ ಮಾಪ್ಳೆ, ನಿಮ್ಮ ಸೇವೆ ಹೆಂಗೆ ಅಂತ ನೋಡಿಬಿಡೋಣ.”

ಸೆಲ್ಲಮ್ಮನೂ ಹಿಂದೆಯೇ ಹೊರಟಳು. ಅಲ್ಲಿ ಪೂಜೆ ಮುಗಿದು ಆನೆ ಬೇವಿನ ಮರದಡಿ ನಿಂತಿತ್ತು. ಮಾವುತ ಊಟದ ಪಂಕ್ತಿಯಲ್ಲಿ ಕೂತು ಪಾಯಸ ಉಣ್ಣುತ್ತಿದ್ದ. ನವನೀತನ್ ಆನೆಯನ್ನು ಕಂಡದ್ದೇ ಲೋಕವನ್ನು ಮರೆತ. ಹಿಂದಿನಿಂದ ಹೋಗದೆ ಕಣ್ಣಿಗೆ ಬೀಳುವಂತೆ ಪಕ್ಕದಿಂದ ಹೋದ. ಮಾತಾಡಿಸಿದ. ಮಾವುತ ಎಲೆಯ ಮುಂದಿನಿಂದಲೇ ಕೈಯಾಡಿಸಿ ಒಪ್ಪಿದ ಮೇಲೆ ಕೊಳಾಯಿ ಪೈಪು ಹಿಡಿದು ಕಾಲು ತೊಳೆದ, ಉಗುರಿನ ಸಂದಿಯ ಮಣ್ಣು ಕೆದಕಿ ತೆಗೆದ. ಆನೆಗೂ ಹಿತವಾಯಿತೋ ಏನೋ, ಒಂದು ಬುಟ್ಟಿಯಷ್ಟು ಲದ್ದಿ ಹಾಕಿತು.

ಗೃಹಪ್ರವೇಶಕ್ಕೆ ಬಂದಿದ್ದ ರೇಷ್ಮೆ ಸೀರೆಗಳೆಲ್ಲ ಹಿಂದೆ ಸರಿದವು. ನವನೀತನ್ ಮುಂದೆ ಸರಿದ. ಒಂದು ಉಂಡೆಯನ್ನು ಎರಡೂ ಕೈಯಲ್ಲಿ ಎತ್ತಿ, ಹೋಳಿಗೆ ಬಿಡಿಸಿದಂತೆ ಬಿಡಿಸಿ, ಮೂಗಿನ ಹತ್ತಿರ ತಂದು, ಅರಳಿದ ಮುಖದಲ್ಲಿ ಮಾವನ ಕಡೆ ತಿರುಗಿದ.

“ಇಲ್ನೋಡಿ ಮಾಮಾ. ನಾರು ಎಷ್ಟು ಉದ್ದ ಐತೆ. ಅಂದ್ರೆ ಹಲ್ಲು ಸವೆದೈತೆ, ಅಗಿಯಕ್ಕೆ ಆಗ್ತಿಲ್ಲ ಪಾಪ. ಮುಟ್ಟಿ ನೋಡ್ತೀರಾ?”

ರಾಜಾಮಣಿ ಮುಟ್ಟಲಿಲ್ಲ. ಲದ್ದಿಯನ್ನು ನೋಡಿದ, ಅಳಿಯನ ಮುಖ ನೋಡಿದ. ಅನುಮಾನವೆಲ್ಲ ಒಮ್ಮೆಲೇ ಕರಗಿಹೋಯಿತು. ಇಷ್ಟು ಸಂತೋಷವನ್ನು ನಟಿಸುವುದು ಯಾವ ಮನುಷ್ಯನಿಂದಲೂ ಸಾಧ್ಯವಿಲ್ಲ.

“ನಿಜವಾಗ್ಲೂ ಆನೆಗೇ ಹೋಗೋದು” ಎಂದ.

“ಅದನ್ನೇ ಬೆಳಿಗ್ಗೆಯಿಂದ ಹೇಳ್ತಿದೀನಿ ಮಾಮಾ” ಎಂದು ನವನೀತನ್ ಗೆದ್ದವನಂತೆ ನಕ್ಕ.

ರಾಜಾಮಣಿ ಸೆಲ್ಲಮ್ಮನ ಕಡೆ ತಿರುಗಿದ. “ತಂಗಚ್ಚಿ, ತಪ್ಪು ತಿಳೀಬೇಡ. ಹುಡುಗ ಥಾಯ್ಲೆಂಡಿಗೆ ಹೋಗ್ತಾನೆ ಅಂದಾಗ ಸಿಟ್ಟು ಬಂತು, ನಿಜ. ಆದ್ರೆ ಗಂಡಸು, ಕಲ್ಯಾಣಕ್ಕೆ ಮುಂಚೆ ಒಂದು ಸಲ ಕುಣಿದು ಬಂದು ಆಮೇಲೆ ಅಡಗ್ತಾನೆ, ನಾಲ್ಕು ಮಾತು ಬೈದು ಬಿಡೋಣ ಅಂದ್ಕೊಂಡಿದ್ದೆ. ಇದು ಹಂಗಲ್ಲ. ಕೈಯಿಂದ ಕಾಸು ಹಾಕಿ, ವಿಮಾನ ಹತ್ತಿ, ಲದ್ದಿ ಎತ್ತಕ್ಕೆ ಹೋಗೋನಿಗೆ ಹೆಣ್ಣು ಹೆಂಗೆ ಕೊಡೋದು? ಕೆಟ್ಟೋನು ರಿಪೇರಿ ಆಗ್ತಾನೆ. ಇದಕ್ಕೆ ಮದ್ದಿಲ್ಲ.” ಆಮೇಲೆ ನವನೀತನ್‌ಗೆ, “ಕೈ ತೊಳ್ಕೊಳ್ಳಪ್ಪಾ ತಂಬಿ” ಎಂದ.

ಅಳಿಯನೆನ್ನುವ ‘ಮಾಪ್ಳೆ’ಯಿಂದ ಬರೀ ತಮ್ಮನೆನ್ನುವ ‘ತಂಬಿ’ಗೆ ಇಳಿದದ್ದನ್ನು ಕೇಳಿ ಸೆಲ್ಲಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ನವನೀತನ್ ಆನೆಯನ್ನು ಒಮ್ಮೆ ನೋಡಿ, ಮನಸ್ಸಿನಲ್ಲೇ ಅದರ ಕ್ಷಮೆ ಕೇಳಿ, ರಾಜಾಮಣಿಯನ್ನು ಮರದ ಹಿಂದಕ್ಕೆ ಕರೆದ.

“ಮಾಮಾ, ಒಂದು ನಿಮಿಷ. ಆನೆ ಎಲ್ಲಾ ಸುಮ್ನೆ.”

“ಸುಮ್ನೆ ಅಂದ್ರೆ?”

“ಅಮ್ಮ ಪಕ್ಕದಲ್ಲಿದ್ರು, ಅದಕ್ಕೆ ಆನೆ ಆನೆ ಅಂದೆ. ಈ ಲದ್ದಿ ಗಿದ್ದಿ ಎಲ್ಲ ವಿಡಿಯೋ ನೋಡಿ ಕಲಿತದ್ದು. ನಾನು ಹೋಗೋದು... ಎಲ್ರೂ ಯಾಕೆ ಹೋಗ್ತಾರೋ ಅದಕ್ಕೇ.”

ರಾಜಾಮಣಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಮೊದಲು ಮೀಸೆ ಅಲುಗಿತು, ಆಮೇಲೆ ಹೊಟ್ಟೆ.

“ಅದಕ್ಕೆ ಲದ್ದಿನೂ ಮೂಸಿದ್ಯಾ? ಭಲೇ ಮಾಪ್ಳೆ. ಇಷ್ಟು ಬುದ್ಧಿ ಇರೋನು ಎಲ್ಲೋದ್ರೂ ಬದುಕ್ತಾನೆ.” ಬೆನ್ನು ತಟ್ಟಿದ. ಎರಡೂ ಕಡೆ ಕಣ್ಣಾಡಿಸಿ ಹತ್ತಿರ ಬಂದ. ಎಣ್ಣೆ ವ್ಯಾಪಾರದಲ್ಲಿ ರೇಟು ಹೇಳುವಾಗಿನ ದನಿಗೆ ಇಳಿದ. “ನನ್ನ ಜೊತೆಯವರೆಲ್ಲ ಹೋಗಿ ಬಂದ್ರು. ನಾನೊಬ್ಬನೇ ಉಳ್ಕೊಂಡೆ. ಏನು ಹೇಳಿ ಹೋಗೋದು ಅಂತಾನೇ ಗೊತ್ತಾಗ್ಲಿಲ್ಲ. ನನಗೂ ಒಂದು ಟಿಕೇಟು ಹಾಕ್ಬಿಡು.”

“ಮಾಮಾ?”

“ಮನೇಲಿ ಆನೆ ಅಂತ್ಲೇ ಹೇಳೋಣ.”

ನವನೀತನ್ ಬಾಯಿ ತೆರೆದ. ಏನು ಹೇಳಿದರೂ ಮದುವೆ ಮುರಿಯುತ್ತದೆ ಎಂದು ಹೊಳೆದು ಮತ್ತೆ ಮುಚ್ಚಿದ.

ಜಗಲಿಗೆ ಮರಳಿದ ರಾಜಾಮಣಿ ಗಂಟಲು ಸರಿಮಾಡಿಕೊಂಡು, ಮಾಪ್ಳೆಯದು ಅಪ್ಪಟ ಸೇವೆ, ಕಣ್ಣಾರೆ ಕಂಡೆ, ನಾನೂ ಜೊತೆಗೆ ಹೋಗಿ ನಾಲ್ಕು ಆನೆಗಳ ಕಾಲು ತೊಳೆದು ಬರುವುದೆಂದು ನಿಶ್ಚಯಿಸಿದ್ದೇನೆ ಎಂದ. ಸಾಂತಿ ಚಿತ್ರ ಕೇಳಲಿಲ್ಲ, ದಿನಚರಿ ಕೇಳಲಿಲ್ಲ. “ಪಿಳ್ಳೆಯಾರೇ, ಇವರಿಗೂ ಒಂದು ಒಳ್ಳೆ ಬುದ್ಧಿ ಕೊಟ್ಟೆ” ಎಂದು ಗಣಪತಿಗೆ ಕೈಮುಗಿದು ಪೆಟ್ಟಿಗೆ ಇಳಿಸಲು ಅಟ್ಟಕ್ಕೆ ಹೋದಳು.

ಬಸ್ ನಿಲ್ದಾಣದವರೆಗೆ ರಾಜಾಮಣಿಯೇ ಕಾರಿನಲ್ಲಿ ಬಿಟ್ಟ. ಸೆಲ್ಲಮ್ಮ ಹಿಂದಿನ ಸೀಟಿನಲ್ಲಿ ನಿಶ್ಚಿಂತೆಯಾಗಿ ತೂಕಡಿಸುತ್ತಿದ್ದಳು. ಅವಳ ಕಡೆ ಒಮ್ಮೆ ನೋಡಿ ರಾಜಾಮಣಿ ಮೆಲ್ಲಗೆ ಕೇಳಿದ:

“ಹೊಸ ಪ್ಯಾಂಟು ಶರ್ಟು ಹೊಲಿಸ್ಲಾ ಮಾಪ್ಳೆ?”

“ಬೇಡ ಮಾಮಾ” ಎಂದ ನವನೀತನ್, ದಾರಿಯನ್ನೇ ನೋಡುತ್ತ. “ಹಳೇ ಲುಂಗಿ ಎರಡು ಸಾಕು. ಅಲ್ಲಿ ಬಟ್ಟೆ ಯಾರೂ ನೋಡಲ್ಲ.”

ರಾಜಾಮಣಿಗೆ ಎಷ್ಟು ನಗು ಬಂತೆಂದರೆ ಕಾರನ್ನು ಪಕ್ಕಕ್ಕೆ ನಿಲ್ಲಿಸಬೇಕಾಯಿತು.