ಕಹಳೆಯ ದವಡೆ

ಎಲ್ಲದಕ್ಕೂ ಕಾರಣ ಒಂದು ಹಲ್ಲು. ಬಾಯಿಯ ಒಳಮೂಲೆಯಲ್ಲಿ ಯಾರಿಗೂ ಬೇಡವಾಗಿ ಅಡ್ಡಡ್ಡ ಬೆಳೆದಿದ್ದ ಆ ಬುದ್ಧಿಹಲ್ಲನ್ನು ಕೀಳಿಸಿಕೊಂಡು ಬಂದ ಮೇಲೆ ಕಹಳೆಯ ದವಡೆ ಹಿಡಿದುಕೊಂಡಿತು. ತುಕ್ಕು ಹಿಡಿದ ಟ್ರಂಕಿನ ಮುಚ್ಚಳದಂತೆ ಬಾಯಿ ಅರ್ಧಕ್ಕೆ ಬಂದು ನಿಂತುಬಿಡುತ್ತಿತ್ತು. ಬೇರೆಯವರಾಗಿದ್ದರೆ ಮೆತ್ತಗಿನದೇನಾದರೂ ತಿಂದುಕೊಂಡು ಸುಮ್ಮನಿರುತ್ತಿದ್ದರು. ಕಹಳೆಗೆ ಹಾಗಿರಲು ಸಾಧ್ಯವಿರಲಿಲ್ಲ. ಅವನು ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನು.

ಮಂಡಿಯ ನಟ್ಟನಡುವೆ ಎತ್ತರದ ಒಂದು ಸ್ಟೂಲು. ಅದರ ಮೇಲೆ ನಿಂತು ಅವನು ಬೆಲೆ ಕೂಗಿದರೆ, ಗೇಟಿನಾಚೆ ಲಾರಿಯಲ್ಲಿ ಕಾಲು ಚಾಚಿ ಮಲಗಿದ್ದ ಡ್ರೈವರು ಎದ್ದು ಕೂರುತ್ತಿದ್ದ. ಹೆತ್ತವರು ಇಟ್ಟ ಹೆಸರನ್ನು ಹೆಂಡತಿಯೂ ಬಳಸುತ್ತಿರಲಿಲ್ಲ. ಎಲ್ಲರಿಗೂ ಅವನು ಕಹಳೆ.

ಈಗ ಆ ಸ್ಟೂಲಿನ ಮೇಲೆ ಅವನ ಬಾಮೈದ ನಿಂತಿದ್ದ. ಹೆಂಡತಿಯ ತಮ್ಮ. ಕೆಲಸವಿಲ್ಲದೆ ಅಲೆಯುತ್ತಿದ್ದವನನ್ನು ಮನೆಯಲ್ಲಿಟ್ಟುಕೊಂಡು, ತೂಕ ನೋಡುವುದರಿಂದ ಹಿಡಿದು ಗಂಟಲು ಎಲ್ಲಿ ಏರಿಸಬೇಕು ಎಲ್ಲಿ ಇಳಿಸಬೇಕು ಎನ್ನುವವರೆಗೆ ಕಲಿಸಿದವನು ಕಹಳೆಯೇ. ಹಲ್ಲು ಕೀಳಿಸಿಕೊಳ್ಳಲು ಹೋದ ದಿನ 'ನಾಲ್ಕು ದಿನ ನೋಡ್ಕೋ' ಎಂದು ಹೇಳಿ ಹೋದವನೂ ಅವನೇ. ನಾಲ್ಕು ದಿನ ಹೋಗಿ ಎರಡು ತಿಂಗಳಾಗಿತ್ತು. ಹುಡುಗ ನಗಿಸುತ್ತಾನೆ ಎಂದು ಮಂಡಿಯಲ್ಲಿ ಮಾತಾಗಿತ್ತು. ಆ ನಗೆಚಾಟಿಕೆಗಳೆಲ್ಲ ಕಹಳೆಯವು. ಅದನ್ನು ಯಾರಿಗಾದರೂ ಹೇಳೋಣವೆಂದರೆ ಬಾಯಿ ತೆರೆಯಬೇಕಲ್ಲ.

ಮಂಡಿಯ ಸಾಹುಕಾರರು ಹಿಂದಿನ ದಿನ ಖಡಾಖಂಡಿತವಾಗಿ ಹೇಳಿ ಕಳಿಸಿದ್ದರು: ಸೀಸನ್ ಶುರುವಾಗುತ್ತಿದೆ, ಇವತ್ತೊಬ್ಬ ನಾಳೆಯೊಬ್ಬ ಆದರೆ ನಡೆಯುವುದಿಲ್ಲ, ನಾಳೆ ಹರಾಜು ಮುಗಿದ ಮೇಲೆ ಸ್ಟೂಲು ಯಾರದು ಎಂದು ತೀರ್ಮಾನ ಮಾಡುತ್ತೇನೆ. ಆ ನಾಳೆ ಇವತ್ತಾಗಿತ್ತು.

ಕಹಳೆ ಬೆಳಕು ಹರಿಯುವ ಮೊದಲೇ ಎದ್ದು ಅಡುಗೆಮನೆಯ ಮೂಲೆಯಲ್ಲಿ ಕೂತು ದವಡೆಗೆ ಬಿಸಿಬಟ್ಟೆ ಒತ್ತಿಕೊಳ್ಳುತ್ತಿದ್ದ. ಪಕ್ಕದಲ್ಲಿ ದವಡೆ ಡಾಕ್ಟರಮ್ಮ ಕೊಟ್ಟ ಯಂತ್ರವಿತ್ತು. ಒಂದು ತುದಿಯಲ್ಲಿ ಬಾತುಕೋಳಿಯ ಕೊಕ್ಕಿನಂಥ ಎರಡು ಪಟ್ಟಿ, ಇನ್ನೊಂದು ತುದಿಯಲ್ಲಿ ಇಕ್ಕಳದ ಹಾಗೆ ಹಿಡಿ. ಪಟ್ಟಿಗಳನ್ನು ಹಲ್ಲುಗಳ ನಡುವೆ ಇಟ್ಟು ಹಿಡಿಯನ್ನು ಅದುಮಿದರೆ ಕೊಕ್ಕು ತೆರೆಯುತ್ತದೆ, ಅದರ ಜೊತೆಗೆ ಬಾಯಿಯೂ ತೆರೆಯುತ್ತದೆ. ದವಡೆ ಸಡಿಲ ಬಿಡಿ, ಕೆಲಸವನ್ನೆಲ್ಲ ಕೈಗೆ ಬಿಡಿ, ಅದುಮಿ, ಹಿಡಿದು, ನಿಧಾನ ಬಿಡಿ, ಎಳೆದ ಹಾಗಾಗಬೇಕು ಆದರೆ ನೋವಾಗಬಾರದು ಎಂದು ಡಾಕ್ಟರಮ್ಮ ಹೇಳಿಕೊಟ್ಟಿದ್ದರು. ಮೂರು ಬೆರಳು ಒಂದರ ಮೇಲೊಂದು ಬಾಯೊಳಗೆ ಹಿಡಿಸಿದರೆ ಗುಣವಾದಂತೆ. ಕಹಳೆಗೆ ಎರಡು ಹಿಡಿಸುತ್ತಿತ್ತು. ಕಳೆದ ಸಲ ಡಾಕ್ಟರಮ್ಮ ಕೆನ್ನೆ ಒತ್ತಿ ನೋಡಿ, "ಒಳಗೆಲ್ಲ ಸಡಿಲ ಆಗಿದೆ. ನೀವೇ ಬಿಗಿ ಹಿಡ್ಕೊಂಡಿದೀರ. ಮನಸ್ಸಲ್ಲಿ ಏನಾದ್ರೂ ಇಟ್ಕೊಂಡಿದೀರಾ?" ಎಂದು ಕೇಳಿದ್ದರು. ಏನಿಲ್ಲ ಎಂದು ಅವನು ತಲೆಯಾಡಿಸಿದ್ದ.

ಮನಸ್ಸಿನಲ್ಲಿದ್ದುದು ಅಷ್ಟರಲ್ಲಿ ಟವಲು ಹೆಗಲಿಗೆ ಹಾಕಿಕೊಂಡು ಬಚ್ಚಲಿನಿಂದ ಬಂತು. ಹೆಂಡತಿ ತಮ್ಮನ ಗಂಟಲಿಗೆಂದು ಜೇನು ತೆಗೆದಿಟ್ಟು ನೀರು ಬಿಸಿಗಿಟ್ಟಳು. ಗಂಡನ ಬಿಸಿಬಟ್ಟೆ ಆರಿ ತಣ್ಣಗಾಗಿದ್ದು ಅವಳ ಕಣ್ಣಿಗೆ ಬೀಳಲಿಲ್ಲ.

"ಲೇ, ಬಟ್ಟೆ," ಎಂದ ಕಹಳೆ. ಅರೆತೆರೆದ ಬಾಯಿಂದ ಅದು ಯಾರೋ ಗೋಡೆಯಾಚೆ ಮಾತಾಡಿದಂತೆ ಕೇಳಿಸಿತು.

"ಇರ್ರೀ, ಅವನು ಕೂಗೋಕೆ ಹೋಗ್ಬೇಕು. ನೀವೇನು, ಮನೇಲಿರೋರು."

ಕಹಳೆಗೆ ಮೈಯೆಲ್ಲ ಉರಿಯಿತು. ಮೀಸೆ ಸರಿಯಾಗಿ ಮೂಡದವನ ಗಂಟಲಿಗೆ ಜೇನು, ತನ್ನ ದವಡೆಗೆ ತಣ್ಣನೆಯ ಬಟ್ಟೆ. ಅವನು ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆದು ಬರುವಷ್ಟರಲ್ಲಿ ಮೇಲ್ಮನೆಯ ಅಜ್ಜಿ ಕೆಳಗಿಳಿದು ಬಂದಿದ್ದಳು. ಆ ಬೀದಿಯಲ್ಲಿ ಯಾರ ಮನೆಯಲ್ಲಿ ನೀರು ಕುದಿದರೂ ಅವಳಿಗೆ ತಿಳಿಯುತ್ತಿತ್ತು. ಹುಡುಗನ ಗಂಟಲಿಗೆ ಜೇನು ಸಾಲದು, ನಿಂಬೆಹಣ್ಣೂ ಬೇಕೆಂದು ತಾನೇ ಒಂದು ಹಣ್ಣು ತಂದು, ಹೆಚ್ಚಿ, ಕೈಗೆ ಸಿಕ್ಕಿದ ಯಂತ್ರದಲ್ಲಿಟ್ಟು ಹಿಂಡುತ್ತಿದ್ದಳು.

"ಎಲ್ಲಿ ತಂದ್ರಪ್ಪ ಈ ಹಾಳು ಹಿಂಡೋದನ್ನ? ಒತ್ತಿದ್ರೆ ಮುಚ್ಚೋದು ಬಿಟ್ಟು ಬಾಯಿ ತೆರೆಯುತ್ತೆ."

ಅದರ ಕೆಲಸವೇ ಅದು ಎಂದು ವಿವರಿಸುವ ಶಕ್ತಿ ಕಹಳೆಗಿರಲಿಲ್ಲ. ಯಂತ್ರ ಕಿತ್ತುಕೊಂಡು, ತೊಳೆದು, ಬಾಯಿಗಿಟ್ಟ. ಎಷ್ಟು ತೊಳೆದರೂ ಸಂದಿಯಲ್ಲಿ ಹುಳಿ ಉಳಿದಿತ್ತು. ಇದ್ದಬದ್ದ ಬಾಯಿಯೂ ಮುದುಡಿಕೊಂಡಿತು. ಅಜ್ಜಿ ಹುಡುಗನ ತಲೆ ಸವರಿ, ನಿನ್ನೆ ಮಂಡಿಯಲ್ಲಿ ಇವನು ಕೂಗಿದ್ದು ತನ್ನ ಮಹಡಿಗೆ ಕೇಳಿಸಿತೆಂದಳು. ಹನ್ನೆರಡು ವರ್ಷ ತಾನು ಕೂಗಿದಾಗ 'ಸದ್ದು ತಡೆಯೋಕಾಗಲ್ಲ' ಎಂದು ಜಗಳ ತೆಗೆದಿದ್ದವಳು ಇವಳೇ ಎಂಬುದು ಕಹಳೆಗೆ ಚೆನ್ನಾಗಿ ನೆನಪಿತ್ತು.

ಮನೆಯಲ್ಲಿ ಕೂತರೆ ಸ್ಟೂಲು ಕೈಬಿಟ್ಟಂತೆ ಎಂದು ಅವನಿಗೆ ಖಾತ್ರಿಯಾಯಿತು. ಯಂತ್ರವನ್ನು ಜೇಬಿಗಿಳಿಸಿ ಹೊರಟೇಬಿಟ್ಟ. ಹರಾಜು ನಡೆಯುತ್ತಿರುವಾಗಲೇ ಅದುಮಿ ಅದುಮಿ ಮೂರನೆಯ ಬೆರಳಿನ ಜಾಗ ಮಾಡಿಕೊಳ್ಳುವುದು, ಮುಗಿದ ತಕ್ಷಣ ಸಾಹುಕಾರರ ಮುಂದೆ ನಿಂತು ಒಂದೇ ಒಂದು ಕೂಗು ಕೂಗಿ ತೋರಿಸುವುದು, ಇದು ಅವನ ಯೋಜನೆ.

ಮಂಡಿಯಲ್ಲಿ ಗುಡ್ಡೆಗಳು ಸಾಲುಹಿಡಿದಿದ್ದವು. ಕೋಸು, ಬದನೆ, ಕೊನೆಗೊಂದು ಬೆಟ್ಟದಂಥ ಸಿಹಿಕುಂಬಳದ ಗುಡ್ಡೆ. ಗೋಡೆಗೆ ತಾಗಿ ಉದ್ದನೆಯ ಬೆಂಚು, ಅದರ ಮೇಲೆ ಕೊಳ್ಳುವವರು. ಈ ಮಂಡಿಯಲ್ಲಿ ಕೊಳ್ಳುವವರು ಬಾಯಿ ಬಿಡುವುದಿಲ್ಲ. ಬೇಕಾದವರು ಮುಷ್ಟಿ ಬಿಗಿದು ಬಿಡುತ್ತಾರೆ. ಒಂದು ಸಲ ಬಿಗಿದರೆ ಬೆಲೆ ಒಂದು ಮೆಟ್ಟಿಲು ಮೇಲಕ್ಕೆ. ಯಾರು ಬಿಗಿದರೆಂದು ಕೂಗುವವನು ಹೇಳುವುದಿಲ್ಲ, ಬರೀ ಬೆಲೆ ಹೇಳುತ್ತಾನೆ. ಹೆಸರು ಹೊರಬೀಳುವುದು ಮೂರನೆಯ ಕೂಗಿಗೆ. ಪಕ್ಕದವನ ಮೇಲಿನ ಹಟಕ್ಕೆ ಬೆಲೆ ಏರಿಸಬಾರದೆಂದು ಹಿಂದಿನವರು ಮಾಡಿದ ಏರ್ಪಾಡು. ಹುಡುಗನಿಗೆ ಇದನ್ನು ಕಲಿಸುವಾಗ ಕಹಳೆ ಒತ್ತಿ ಹೇಳಿದ್ದ, ಮುಖ ನೋಡಬೇಡ, ಮುಷ್ಟಿ ನೋಡು, ನಿಮ್ಮಪ್ಪನೇ ಬಂದು ಕೂತಿದ್ದರೂ ಮುಷ್ಟಿ ಬಿಗಿದನೆಂದರೆ ಸವಾಲು ಹಾಕಿದನೆಂದೇ ಲೆಕ್ಕ.

ಹನ್ನೆರಡು ವರ್ಷ ಕಹಳೆ ಆ ಬೆಂಚನ್ನು ಸ್ಟೂಲಿನ ಮೇಲಿಂದ ನೋಡಿದ್ದನೇ ಹೊರತು ಅದರ ಮೇಲೆ ಕೂತಿರಲಿಲ್ಲ. ಇವತ್ತು ಸಾಹುಕಾರರ ಕಣ್ಣಿಗೆ ಬೀಳುವ ಜಾಗ ಬೇಕಿತ್ತು. ಹಾಸ್ಟೆಲ್ ಮೆಸ್ಸಿನ ಕಂಟ್ರಾಕ್ಟರು ಬೆಂಚಿನ ಆ ತುದಿಯಲ್ಲಿದ್ದರು, ಈ ತುದಿ ಖಾಲಿಯಿತ್ತು. ಕೂತ. ನಾಚಿಕೆಗೆ ಟವಲಿನಿಂದ ಮೂಗು ಬಾಯಿ ಮುಚ್ಚಿಕೊಂಡು ಯಂತ್ರದ ಕೊಕ್ಕನ್ನು ಒಳಗಿಟ್ಟ. ಹಿಡಿ ಮಾತ್ರ ಹೊರಗೆ, ಕೈಯಲ್ಲಿ.

ಕೋಸು, ಬದನೆ ಹೋದವು. ಆಗೆಲ್ಲ ಅವನಿನ್ನೂ ಹುಳಿಗೆ ಜೊಲ್ಲು ಸುರಿಸುತ್ತ, ಒರೆಸುತ್ತ ಇದ್ದ. ಅದುಮಲು ಶುರುಮಾಡಿದ್ದು ಕುಂಬಳದ ಹೊತ್ತಿಗೆ.

ಬಾಮೈದ ಕುಂಬಳದ ಗುಡ್ಡೆ ತೋರಿಸಿ, ಇವು ಎಷ್ಟು ಸಿಹಿಯೆಂದರೆ ಇವನ್ನು ತಿಂದ ಅತ್ತೆ ಸೊಸೆಯನ್ನು ಮಗಳೇ ಅಂದಳಂತೆ ಎಂದ. ಬೆಂಚೆಲ್ಲ ನಕ್ಕಿತು. ಅದು ಕಹಳೆಯ ಮಾತು. ಇಂಥ ಹೊತ್ತಿನಲ್ಲಿ ಮನುಷ್ಯ ಹಲ್ಲು ಕಡಿಯುತ್ತಾನೆ. ಕಹಳೆಯ ಹಲ್ಲುಗಳ ನಡುವೆ ಯಂತ್ರವಿತ್ತು. ಸಿಟ್ಟು ಹೋಗಲು ಬೇರೆ ದಾರಿಯಿಲ್ಲದೆ ಕೈಗಿಳಿಯಿತು. ಅವನು ಹಿಡಿಯನ್ನು ಬಲವಾಗಿ ಅದುಮಿ ಬಿಟ್ಟ.

ಬೆಲೆ ಒಂದು ಮೆಟ್ಟಿಲು ಏರಿತು.

ಕಂಟ್ರಾಕ್ಟರು ಮುಷ್ಟಿ ಬಿಗಿದರು. ಇನ್ನೊಂದು ಮೆಟ್ಟಿಲು. ಹುಡುಗನ ದನಿ ಈಗ ಇಂಪಾಗಿ ಮೇಲಕ್ಕೆ ಹೋಯಿತು, ಕಹಳೆ ಕಲಿಸಿದ ಜಾಗದಲ್ಲೇ. ಗೇಟಿನಾಚೆ ಲಾರಿಯಿಂದ ಡ್ರೈವರು ಇಣುಕಿ ನೋಡಿದ. ಕಹಳೆ ಅದನ್ನು ನೋಡಿ ಅದುಮಿದ. ಸಾಹುಕಾರರು ಕೋಣೆಯಿಂದ ಹೊರಬಂದು ಸೊಂಟದ ಮೇಲೆ ಕೈಯಿಟ್ಟು ಮೆಚ್ಚಿಗೆಯಿಂದ ನಿಂತರು. ಕಹಳೆ ಮತ್ತೆ ಅದುಮಿದ. ಕುಂಬಳಕ್ಕೆ ಇಷ್ಟು ಬೆಲೆ ಕೊಡುವ ಮೂರ್ಖ ಯಾರಿರಬಹುದೆಂದು ಅವನು ಬೆಂಚಿನ ಉದ್ದಕ್ಕೂ ಕಣ್ಣು ಹಾಯಿಸಿದ. ಕಂಟ್ರಾಕ್ಟರು ಕೆಂಪೇರಿದ ಮುಖದಲ್ಲಿ ಅದೇ ಮೂರ್ಖನನ್ನು ಹುಡುಕುತ್ತಿದ್ದರು. ಯಾರೋ ಹೊಸಬ ತನ್ನ ಮೆಸ್ಸಿನ ಗುತ್ತಿಗೆಗೆ ಕಣ್ಣು ಹಾಕಿದ್ದಾನೆಂದು ಅವರಿಗೆ ಅನುಮಾನ. ಅವರೂ ಬಿಡಲಿಲ್ಲ.

ಬೆಲೆ ಏರಿದಷ್ಟೂ ಕಹಳೆಯ ಹೊಟ್ಟೆ ಉರಿಯಿತು. ಹೊಟ್ಟೆ ಉರಿದಷ್ಟೂ ಕೈ ಅದುಮಿತು. ಕೈ ಅದುಮಿದಷ್ಟೂ ಬೆಲೆ ಏರಿತು. ತನ್ನ ಇಡೀ ಕಾಲದಲ್ಲಿ ಕುಂಬಳಕ್ಕೆ ಇದರ ಅರ್ಧ ಬೆಲೆಯನ್ನೂ ಅವನು ತಂದಿರಲಿಲ್ಲ. ಎದೆಯಲ್ಲಿ ಯಾರೋ ಕೆಂಡ ಸುರಿದಂತಾಗಿ ಕಣ್ಣು ಮುಚ್ಚಿ ಕೊನೆಯದೊಂದು ಸಲ, ಇದ್ದ ಬಲವನ್ನೆಲ್ಲ ಹಾಕಿ ಅದುಮಿದ. ಕಂಟ್ರಾಕ್ಟರು ಕೈ ಕೊಡವಿ ಹಿಂದಕ್ಕೆ ಒರಗಿದರು.

"ಒಂದು ಸಲ, ಎರಡು ಸಲ, ಮೂರು ಸಲ. ಕುಂಬಳ ನಮ್ಮ ಭಾವನಿಗೆ."

ಕಹಳೆ ಕಣ್ಣು ಬಿಟ್ಟ. ಬೆಂಚಿಗೆ ಬೆಂಚೇ ಅವನತ್ತ ತಿರುಗಿತ್ತು. ಅವನು ತನ್ನ ಮುಷ್ಟಿಯನ್ನು ನೋಡಿಕೊಂಡ. ಟವಲು ಕಿತ್ತೆಸೆದು, ಯಂತ್ರ ಹೊರತೆಗೆದು ಎಲ್ಲರಿಗೂ ತೋರಿಸುತ್ತ, ಇಲ್ಲ ಇಲ್ಲ ಎಂದು ಕೈಯಾಡಿಸಿದ. ಹುಡುಗ ಸ್ಟೂಲಿನಿಂದ ಜಿಗಿದು ಓಡಿಬಂದ.

"ಅಯ್ಯೋ ಭಾವ, ಅದಾ? ನೀವು ಸ್ವಂತ ವ್ಯಾಪಾರ ಶುರು ಮಾಡ್ತೀರೇನೋ ಅಂದ್ಕೊಂಡೆ. ಮುಖ ನೋಡ್ಬೇಡ ಅಂತ ನೀವೇ ಹೇಳಿದ್ರಲ್ಲ."

ಆಮೇಲೆ ಹುಡುಗ ಸಾಹುಕಾರರ ಮುಂದೆ ಕೈಮುಗಿದು ಬೇಡಿಕೊಂಡ. ಭಾವನಿಗೆ ಕಾಯಿಲೆ, ಇದು ಔಷಧಿ ಇದ್ದ ಹಾಗೆ, ಸವಾಲಲ್ಲ, ಬಾಯಿಗೆ ಮೂರು ಬೆರಳೂ ಹಿಡಿಸದ ಮನುಷ್ಯ, ಬಿಟ್ಟುಬಿಡಿ ಎಂದ. ಅವನ ಕಣ್ಣಲ್ಲಿ ನಿಜವಾಗಿ ನೀರಿತ್ತು. ಕಹಳೆಗೆ ಅದು ಕುಂಬಳಕ್ಕಿಂತ ಭಾರವಾಗಿತ್ತು.

ಕಂಟ್ರಾಕ್ಟರು ನಂಬಲಿಲ್ಲ. ತೆರೆಸಿ ನೋಡೋಣ ಎಂದರು. ಕಹಳೆಯನ್ನು ಬೆಂಚಿನ ಮೇಲೆ ಕೂರಿಸಿ, ಕುದುರೆ ಕೊಳ್ಳುವವರಂತೆ ಸುತ್ತಲೂ ಬಗ್ಗಿ ನಿಂತರು. ಅವನು ಆ ಅಂದ. ಎರಡು ಬೆರಳು ಹೋಯಿತು, ಮೂರನೆಯದು ತುಟಿಯಲ್ಲೇ ನಿಂತಿತು. ತಕ್ಕಡಿಯವನು ಪ್ರಯತ್ನಿಸಿದ, ಲಾರಿ ಡ್ರೈವರೂ ಬಂದು ಪ್ರಯತ್ನಿಸಿದ. ಅಷ್ಟೇ. ಎಲ್ಲರ ಮುಖದಲ್ಲೂ ಕನಿಕರ ಮೂಡಿತು.

"ಪಾಪ, ಎಂಥಾ ಗಂಟಲು," ಎಂದರು ಕಂಟ್ರಾಕ್ಟರು, ಸತ್ತವರ ವಿಷಯ ಹೇಳುವ ದನಿಯಲ್ಲಿ. "ಆಯ್ತು ಸಾಹುಕಾರ್ರೇ, ಇದು ಲೆಕ್ಕಕ್ಕಿಲ್ಲ. ನನ್ನ ಕೊನೆ ಬೆಲೆಗೆ ನಾನೇ ತಗೋತೀನಿ. ಹುಡುಗರಿಗೆ ಏನಾದ್ರೂ ಬೇಯಿಸಿ ಹಾಕ್ಬೇಕಲ್ಲ."

ಸಾಹುಕಾರರೂ ಒಪ್ಪಿದರು. ಕಹಳೆ ಟವಲಿನಿಂದ ಬೆವರು ಒರೆಸಿಕೊಂಡ. ಕುಂಬಳದ ಬೆಟ್ಟ ತಲೆಯ ಮೇಲಿಂದ ಇಳಿದಿತ್ತು. ಮನೆಗೆ ಹೋಗಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು.

"ಏನೇ ಆಗ್ಲಿ," ಎಂದು ಸಾಹುಕಾರರು ಬಾಮೈದನ ಬೆನ್ನು ತಟ್ಟಿದರು, "ಕುಂಬಳಕ್ಕೆ ಈ ಬೆಲೆ ಬಂದಿದ್ದು ನಮ್ಮ ಮಂಡೀಲಿ ಇದೇ ಮೊದಲು. ಇವತ್ತಿಂದ ಸ್ಟೂಲು ನಿಂದೇ ಕಣಪ್ಪ. ಗಂಟಲು ಅಂದ್ರೆ ಇದು."

ಕಹಳೆಯೊಳಗೆ ಏನೋ ಕಟ್ಟೆಯೊಡೆಯಿತು.

"ಅವನ ಗಂಟಲಲ್ಲ. ನನ್ನ ಮುಷ್ಟಿ. ಆ ಬೆಲೆ ಏರ್ಸಿದ್ದು ನಾನು. ಪ್ರತಿ ಸಲಾನೂ ನಾನು. ಸವಾಲು ಹಾಕ್ದೋನು ನಾನು ಸಾಹುಕಾರ್ರೇ, ನಾನು."

ತಗಡಿನ ಮಾಡು ನಡುಗಿತು. ಮಾಡಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದು ಹಾರಿದವು. ಎರಡು ತಿಂಗಳಿಂದ ಆ ಮಂಡಿ ಕೇಳಿರದ ಆ ದನಿ ನಿಂತ ಮೇಲೆ, ಅಲ್ಲಿದ್ದವರಿಗೆಲ್ಲ ಕಹಳೆಯ ಬಾಯಿ ಕಿರುನಾಲಿಗೆಯವರೆಗೆ ಕಾಣಿಸುತ್ತಿತ್ತು.

ಕಂಟ್ರಾಕ್ಟರು ಮೆಲ್ಲಗೆ ಹತ್ತಿರ ಬಂದು ಒಳಗೆ ಇಣುಕಿದರು. "ಮೂರು ಬೆರಳೇನು, ನನ್ನ ಮೆಸ್ಸಿನ ಸೌಟೇ ಹೋಗುತ್ತೆ," ಎಂದು ತಮ್ಮ ಚೀಲ ಹೆಗಲಿಗೇರಿಸಿದರು. "ಸವಾಲು ಹಾಕ್ದೋನು ತಾನೇ ಅಂತ ಅವನ ಬಾಯಲ್ಲೇ ಬಂತಲ್ಲ. ಕುಂಬಳ ಅವನಿಗೇ ಇರ್ಲಿ."

ಸಾಹುಕಾರರು ಸ್ಟೂಲಿನ ಮಾತು ಹಿಂತೆಗೆದುಕೊಳ್ಳಲಿಲ್ಲ. ಬೆಂಚಿನಲ್ಲಿ ಕೂತು ಸವಾಲು ಹಾಕುವವನು ಕೂಗುವ ಕೆಲಸಕ್ಕೆ ನಿಲ್ಲುವಂತಿಲ್ಲ, ಅದು ಮಂಡಿಯ ಕಟ್ಟಳೆ ಎಂದರು. ಗುಡ್ಡೆಯನ್ನು ಎಲ್ಲಿಗೆ ಕಳಿಸಲಿ ಎಂದು ಮಾತ್ರ ಕೇಳಿದರು. ಕಹಳೆಗೆ ತನ್ನ ಎರಡು ಕೋಣೆಯ ಮನೆ, ಬಾಗಿಲಲ್ಲಿ ಹೆಂಡತಿ, ಮಹಡಿಯಿಂದ ಬಗ್ಗಿ ನೋಡುವ ಅಜ್ಜಿ, ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದವು. ಉಳಿದಿದ್ದು ಒಂದೇ ದಾರಿ. ಗುಡ್ಡೆಯನ್ನು ಈಗಲೇ, ಇಲ್ಲೇ, ಮತ್ತೆ ಹರಾಜಿಗಿಡುವುದು. ಅದನ್ನು ಕೂಗಬೇಕಾದವನು ಸ್ಟೂಲಿನ ಹೊಸ ಯಜಮಾನ.

ಹುಡುಗ ಮತ್ತೆ ಹತ್ತಿ ನಿಂತಿದ್ದ ಸ್ಟೂಲಿನ ಬಳಿಗೆ ಕಹಳೆ ಹೋದ. ತಲೆಯೆತ್ತಿ ನೋಡಬೇಕಾಯಿತು. ಅಲ್ಲಿಂದ ನೋಡಿದರೆ ಹುಡುಗ ನಿಜಕ್ಕೂ ಎತ್ತರವಾಗಿ ಕಾಣುತ್ತಿದ್ದ.

"ಚೆನ್ನಾಗಿ ಕೂಗಪ್ಪ," ಎಂದ, ಬಾಯಿ ಎಷ್ಟು ಕಡಿಮೆ ತೆರೆಯಲು ಸಾಧ್ಯವೋ ಅಷ್ಟೇ ತೆರೆದು. "ಆ ಅತ್ತೆ ಸೊಸೆ ಮಾತೂ ಹೇಳು."

ಹುಡುಗ ಮನಃಪೂರ್ತಿ ಕೂಗಿದ. ಅತ್ತೆ ಸೊಸೆಯ ಮಾತು ಹೇಳಿದ, ಯಾರೂ ನಗಲಿಲ್ಲ. ಬೆಂಚಿನಲ್ಲಿದ್ದವರೆಲ್ಲ ಕೈಕಟ್ಟಿ ಕೂತು, ಬಿಸಿಲು ಏರುವುದನ್ನೂ ಮಾರುವವನ ಮುಖ ಇಳಿಯುವುದನ್ನೂ ನೋಡುತ್ತಿದ್ದರು. ಬಹಳ ಹೊತ್ತಿನ ಮೇಲೆ, ಚೀಲ ಕೆಳಗಿಟ್ಟು ಮತ್ತೆ ಕೂತಿದ್ದ ಕಂಟ್ರಾಕ್ಟರು ಆಕಳಿಸುತ್ತ ಒಂದೇ ಒಂದು ಸಲ ಮುಷ್ಟಿ ಬಿಗಿದರು.

ಬೆಂಚಿನ ತುದಿಯಲ್ಲಿ ಕಹಳೆ ಎರಡೂ ಕೈಗಳನ್ನು ತೊಡೆಗಳ ಕೆಳಗೆ ಸಿಕ್ಕಿಸಿಕೊಂಡು ಕೂತಿದ್ದ.

"ಭಾವ, ಕೊಟ್ಬಿಡ್ಲಾ?" ಎಂದು ಹುಡುಗ ಮೇಲಿಂದ ಕೇಳಿದ.

ಕಹಳೆ ಬಾಯಿ ತೆರೆಯಲಿಲ್ಲ. ಕೊಟ್ಟುಬಿಡು ಎನ್ನುವಂತೆ ತಲೆಯಾಡಿಸಿದ.