ಕರೆಂಟು, ಗುಳಿಗಿ, ಮ್ಯಾಲೊಂದು

ನಮ್ಮ ವಿಭಾಗದಲ್ಲಿ ಗೊಂದಲಕ್ಕೆ ರಜೆಯಿಲ್ಲ. ಭಾನುವಾರ ಅದು ಫೋನಿನಲ್ಲಿ ಬರುತ್ತದೆ. ಹೈದರಾಬಾದಿನ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ನನ್ನ ಕೆಲಸ. ರೇಡಿಯೇಷನ್ ಜೊತೆ ಹೊಸ ಗುಳಿಗೆ ಕೊಟ್ಟರೆ ಹೆಚ್ಚು ಗುಣವಾದೀತೇ ಎಂದು ಅಲ್ಲಿ ಪರೀಕ್ಷೆ ನಡೆದಿದೆ. ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ಮೇಲಾಗಿ ಮಾತಾಡಲು ನಾಚಿಕೆ. ಆದರೂ ಕನ್ನಡದವರು ಬಂದರೆ ಡಾಕ್ಟರು ನನ್ನನ್ನೇ ಮುಂದೆ ತಳ್ಳುತ್ತಾರೆ.

೧. ವಶೀಲಿ

ಮೆಹದಿಪಟ್ಟಣಂನಲ್ಲಿ ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡುವ ರಾಯಚೂರು ಕಡೆಯ ಕಾಕಾ ಒಬ್ಬರು ಬಂದರು. ಜೊತೆಗೆ ಅವರ ಓಣಿಯ ಗೆಳೆಯ; ಇಬ್ಬರಿಗೂ ಒಂದೇ ಕಾಯಿಲೆ. ರೇಡಿಯೇಷನ್‌ಗೆ ಇವರೆಲ್ಲ ಅನ್ನುವುದು ಕರೆಂಟ್.

"ಕೆಲವರಿಗೆ ಬರೀ ಕರೆಂಟು, ಕೆಲವರಿಗೆ ಗುಳಿಗಿನೂ ಕೊಡ್ತೀವಿ ಕಾಕಾ. ಯಾರಿಗೆ ಯಾವುದು ಅಂತ ಕಂಪ್ಯೂಟರ್ ಆರಿಸ್ತದ."

ಕಾಕಾ ದನಿ ತಗ್ಗಿಸಿದರು. "ನಮಗ ಎರಡೂ ಬೇಕವ್ವಾ. ಆ ಕಂಪ್ಯೂಟರಿಗೆ ನೀ ಒಂದ್ ಮಾತು ಹೇಳಲ್ಲ?"

ಅದೃಷ್ಟಕ್ಕೆ ಇಬ್ಬರಿಗೂ ಎರಡೂ ಬಂತು. ಮರುದಿನ ಕಾಕಾ ಒಂದು ಡಜನ್ ಬಾಳೆಹಣ್ಣು ನನ್ನ ಮೇಜಿನ ಮೇಲಿಟ್ಟು, "ನಿನ್ನ ವಶೀಲಿ ಭಾಳ ದೊಡ್ಡದೈತಿ" ಅಂದರು. ನಾನೇನು ಮಾಡಿದೆನೋ ಇವತ್ತಿಗೂ ಗೊತ್ತಿಲ್ಲ.

೨. ಗೌಂಡಿಯ ಪಾಠ

ಎರಡೂ ಯಾಕೆ ಬೇಕೆಂದು ಗೆಳೆಯ ಕೇಳಿದರು. ನಾನು "ಜೀವಕೋಶ... ರಿಪೇರಿ..." ಎಂದು ತಡವರಿಸಿದೆ. ಕಾಕಾ ನಡುವೆ ಬಾಯಿ ಹಾಕಿದರು.

"ಕರೆಂಟ್ ಗ್ವಾಡಿ ಕೆಡವತೈತಿ. ರೋಗದ ಗೌಂಡಿ ಮತ್ತ ಕಟ್ಟಾಕ ಬರ್ತಾನ. ಗುಳಿಗಿ ಅವನ ಸಿಮೆಂಟ್ ಚೀಲಾನ ಬಚ್ಚಿಡತೈತಿ. ಇಷ್ಟ!"

ಅದನ್ನೇ ನಾನು ತೆಲುಗಿನಲ್ಲಿ ಡಾಕ್ಟರಿಗೆ ಹೇಳಿದಾಗ ಅವರು, "ಭೇಷ್! ಯಾವ ಪುಸ್ತಕದಲ್ಲಿ ಓದಿದೆಯಮ್ಮಾ?" ಅಂದರು. ಪಾಠ ಕಾಕಾ ಅವರದು, ಹೆಸರು ನನಗೇ ಬಂತು.

೩. ಮ್ಯಾಲೊಂದು

ನಮ್ಮಲ್ಲಿ ಒಂದು ನಿಯಮ ಗಟ್ಟಿ. ಉಳಿದ ಗುಳಿಗೆಗಳನ್ನು ಡಬ್ಬಿ ಸಮೇತ ತರಬೇಕು, ನಾನು ಎಣಿಸಬೇಕು. ನುಂಗುವುದನ್ನು ತಪ್ಪಿಸುವವರನ್ನು ಪರೀಕ್ಷೆಯಿಂದ ಕೈಬಿಡಬಹುದು. ಕಾಕಾಗೆ ಇದ್ದ ದೊಡ್ಡ ಭಯ ಅದೊಂದೇ.

ಇಬ್ಬರಿಗೂ ಮೂವತ್ತು ಮೂವತ್ತು ಕೊಟ್ಟಿದ್ದೆ, ದಿನಕ್ಕೊಂದು. ಇಪ್ಪತ್ತೆಂಟು ದಿನವಾಗಿತ್ತು. ಎರಡು ಉಳಿಯಬೇಕಿತ್ತು, ಕಾಕಾ ಡಬ್ಬಿಯಲ್ಲಿ ಮೂರಿದ್ದವು.

"ಒಂದು ದಿನ ತಪ್ಪಿಸೀರಿ ಕಾಕಾ."

"ನನ್ನ ಮಗ್ಗಲಾಗ ನಿಂತು ನೋಡೀಯೇನ? ಒಂದು ದಿನಾನೂ ಬಿಟ್ಟಿಲ್ಲ!"

ಗೆಳೆಯನ ಡಬ್ಬಿ ಎಣಿಸಿದೆ. ಅಲ್ಲಿ ಎರಡರ ಬದಲು ಒಂದೇ ಇತ್ತು. ಎರಡೂ ಡಬ್ಬಿ ಮತ್ತೊಮ್ಮೆ ಎಣಿಸಿದೆ. ಕೊನೆಗೆ ಗೆಳೆಯನೇ ಬಾಯಿಬಿಟ್ಟರು.

"ಡಬ್ಬಿ ಊರಾಗ ಮರೆತು ಬಂದಿದ್ದೆ. ಇವರ ಕಡೆ ಎರಡು ಎರವಲು ತಗೊಂಡೆ. ಡಬ್ಬಿ ಕೈಗೆ ಬಂದ ಮ್ಯಾಲೆ ಮೂರು ವಾಪಸ್ ಕೊಟ್ಟೆ."

"ಮೂರ್ಯಾಕ?"

"ಹಿಟ್ಟು ಎರವಲು ತಂದ್ರ ಸೇರಿನ ಮ್ಯಾಲ ಒಂದು ಹಿಡಿ ಹೆಚ್ಚಿಗಿ ಹಾಕಿ ಕೊಡಂಗಿಲ್ಲೇನು? ಅಳತಿಗೆ ಸರಿಯಾಗಿ ಕೊಟ್ರ ಮಂದಿ ಏನಂದಾರು?"

ನನ್ನ ಫಾರಂನಲ್ಲಿ 'ಮರೆತರು', 'ಕಳೆದರು', 'ವಾಂತಿಯಾಯಿತು' ಅಂತ ಕಾಲಂ ಇದ್ದವು. ಮರ್ಯಾದೆಗೆ ಕಾಲಂ ಇರಲಿಲ್ಲ.

ಡಾಕ್ಟರು ಎಲ್ಲ ಕೇಳಿ ನಕ್ಕರು. ಇಬ್ಬರೂ ಒಂದು ದಿನವೂ ತಪ್ಪಿಸಿಲ್ಲ, ಇಬ್ಬರೂ ಪರೀಕ್ಷೆಯಲ್ಲೇ ಇರಲಿ. ಇನ್ನು ಮುಂದೆ ಒಂದು ಗುಳಿಗೆಯೂ ಕೈ ಬದಲಾಗಬಾರದು, ಆ ಹೆಚ್ಚಿನದನ್ನು ವಾಪಸ್ ಇಸಕೋ ಅಂದರು. ಕಾಕಾ ಸಮಾಧಾನದಿಂದ ಡಬ್ಬಿ ಬಗ್ಗಿಸಿದರು.

ನನ್ನ ಅಂಗೈ ಮೇಲೆ ಎರಡು ಗುಳಿಗೆ.

"ಒಂದ ಸಾಕು ಕಾಕಾ."

"ವಾಪಸ್ ಕೊಡಾಕತ್ತೀನಲ್ಲವ್ವಾ," ಅಂದರು ಕಾಕಾ, "ಮ್ಯಾಲೊಂದು ಇಡಬೇಕಲ್ಲ!"